ಸಂಯೋಗದ ಒಡೆತನ

ಮೊಬೈಲ್ ಫೋನಿನ ಕೆಳಅಂಚಿನಲ್ಲಿರುವ ಕಿಂಡಿಯ ಮೂಲಕವೇ ವಿದ್ಯುತ್ತು ಒಳಬರುತ್ತದೆ, ಮಾಹಿತಿ ಒಳಗೂ ಹೊರಗೂ ಓಡಾಡುತ್ತದೆ. ಈ ಕಿಂಡಿಯ ಆಕಾರವನ್ನು ಗೊತ್ತುಮಾಡುವ ಬಗೆ ಎರಡು. ಒಂದು ಕಂಪನಿ ತನ್ನದೇ ಆಕಾರವನ್ನು ರೂಪಿಸಿ, ಅದಕ್ಕೆ ಹೊಂದುವ ತಂತಿಯನ್ನು ತಾನೇ ಮಾರಬಹುದು, ಅಥವಾ ಶುಲ್ಕ ತೆಗೆದುಕೊಂಡು ಬೇರೆಯವರಿಗೆ ಮಾರಲು ಬಿಡಬಹುದು. ಇಲ್ಲವೇ ಎಲ್ಲ ಕಂಪನಿಗಳೂ ಕೂತು ಒಪ್ಪಿದ ಒಂದೇ ಆಕಾರವನ್ನು ಎಲ್ಲರೂ ಬಳಸಬಹುದು. ಆ್ಯಪಲ್‌ನ ಲೈಟ್ನಿಂಗ್ ಮೊದಲನೆಯ ಬಗೆಯದು, ಯುಎಸ್‌ಬಿ ಟೈಪ್-ಸಿ ಎರಡನೆಯದು. ಇದನ್ನು ವ್ಯಾಪಾರದ ಜಗಳವೆಂದೋ ಇ-ತ್ಯಾಜ್ಯದ ಸಮಸ್ಯೆಯೆಂದೋ ಚರ್ಚಿಸುವುದು ರೂಢಿ. ಅದರ ಬುಡದಲ್ಲಿ ಮಾತ್ರ ಹಳೆಯದೊಂದು ತತ್ತ್ವಪ್ರಶ್ನೆ ಇದೆ: ಎರಡು ವಸ್ತುಗಳು ಕೂಡುವ ಜಾಗ ಯಾರದು? ಭಾರತೀಯ ದರ್ಶನಗಳು ಈ ಪ್ರಶ್ನೆಯನ್ನು ಎಳೆ ಎಳೆಯಾಗಿ ಬಿಡಿಸಿವೆ. ಆ ಕೆಲಸದಲ್ಲಿ ಕಲ್ಯಾಣದ ಧರ್ಮಶಾಸ್ತ್ರಕಾರರಿಗೂ ಹಂಪಿಯ ತಾರ್ಕಿಕರಿಗೂ ದೊಡ್ಡ ಪಾಲಿದೆ.

ಮೊದಲಿಗೆ ಕಿಂಡಿಯ ಚರಿತ್ರೆ. 2000ರ ದಶಕದಲ್ಲಿ ಫೋನು ಎಷ್ಟು ಬಗೆಯೋ ಚಾರ್ಜರೂ ಅಷ್ಟೇ ಬಗೆ. ಹೊಸಪೇಟೆಯ ಅಂಗಡಿಗಳಲ್ಲಿ ‘ನೋಕಿಯಾ ದಪ್ಪ ಪಿನ್’, ‘ನೋಕಿಯಾ ಸಣ್ಣ ಪಿನ್’, ‘ಸ್ಯಾಮ್ಸಂಗ್ ಚಪ್ಪಟೆ ಪಿನ್’ ಎಂದು ಹೆಸರು ಹಿಡಿದು ಕೇಳಬೇಕಿತ್ತು. ಒಂದೇ ತಂತಿಗೆ ಐದಾರು ಮೂತಿ ಜೋಡಿಸಿದ ಚಾರ್ಜರ್ ಆ ಕಾಲದ ಜಾಣತನ. 2009ರಲ್ಲಿ ಐರೋಪ್ಯ ಒಕ್ಕೂಟದ ಒತ್ತಾಸೆಯಿಂದ ದೊಡ್ಡ ಕಂಪನಿಗಳು ಮೈಕ್ರೋ ಯುಎಸ್‌ಬಿಗೆ ಸ್ವಇಚ್ಛೆಯಿಂದ ಒಪ್ಪಿ ಸಹಿ ಹಾಕಿದವು. ಸಹಿ ಹಾಕಿದವರಲ್ಲಿ ಆ್ಯಪಲ್ ಕೂಡ ಇತ್ತು. ಅಡಾಪ್ಟರ್ ಕೊಟ್ಟರೂ ನಡೆದೀತು ಎಂಬ ಸಂದು ಆ ಒಪ್ಪಂದದಲ್ಲಿದ್ದುದರಿಂದ ಅದು ತನ್ನ ಕಿಂಡಿಯನ್ನು ಬದಲಿಸಲಿಲ್ಲ. 2003ರಿಂದ ಬಳಕೆಯಲ್ಲಿದ್ದ 30 ಪಿನ್ನಿನ ಅಗಲ ಕಿಂಡಿಯನ್ನು ಬಿಟ್ಟು, 2012ರಲ್ಲಿ ಐಫೋನ್ 5ರೊಡನೆ 8 ಪಿನ್ನಿನ ಲೈಟ್ನಿಂಗ್ ತಂದಿತು. ಯುಎಸ್‌ಬಿ ಟೈಪ್-ಸಿಯ ವಿವರಣೆ ಪ್ರಕಟವಾದದ್ದು 2014ರಲ್ಲಿ. ಅದಕ್ಕೆ 24 ಪಿನ್. 2022ರಲ್ಲಿ ಐರೋಪ್ಯ ಒಕ್ಕೂಟ ಒಪ್ಪಂದದ ಜಾಗಕ್ಕೆ ಕಾನೂನನ್ನೇ ತಂದಿತು. ಅದರಂತೆ 2024ರ ಡಿಸೆಂಬರ್ 28ರಿಂದ ಅಲ್ಲಿ ಹೊಸದಾಗಿ ಮಾರುಕಟ್ಟೆಗೆ ಬರುವ ಫೋನುಗಳಿಗೆಲ್ಲ ಟೈಪ್-ಸಿ ಕಡ್ಡಾಯ. ಗಡುವಿಗೆ ಕಾಯದೆ ಆ್ಯಪಲ್ 2023ರ ಐಫೋನ್ 15ರಲ್ಲೇ ಕಿಂಡಿ ಬದಲಿಸಿತು. ಭಾರತೀಯ ಮಾನಕ ಬ್ಯೂರೋ ಕೂಡ ಟೈಪ್-ಸಿಗೆ ಭಾರತೀಯ ಮಾನಕವನ್ನು ಹೊರಡಿಸಿದೆ.

ಕೂಡದ ಎರಡು ವ್ಯವಸ್ಥೆಗಳು ಒಂದೆಡೆ ಮುಖಾಮುಖಿಯಾದರೆ ಏನಾಗುತ್ತದೆಂಬುದು ದೋಣಿಮಲೈ, ಹೊಸಪೇಟೆ ಸೀಮೆಗೆ ಫೋನಿಗಿಂತ ನೂರು ವರ್ಷ ಮೊದಲೇ ಗೊತ್ತಿತ್ತು. 19ನೇ ಶತಮಾನದಲ್ಲಿ ಮದ್ರಾಸಿನಿಂದ ಬೊಂಬಾಯಿಗೆ ಗುಂತಕಲ್ ಮೇಲೆ ಹಾದ ರೈಲುದಾರಿ ಬ್ರಾಡ್ ಗೇಜ್, ಅಂದರೆ ಹಳಿಗಳ ನಡುವೆ 1,676 ಮಿ.ಮೀ. ಗುಂತಕಲ್ಲಿನಿಂದ ಬಳ್ಳಾರಿ, ಹೊಸಪೇಟೆ, ಹುಬ್ಬಳ್ಳಿ ದಾಟಿ ಗೋವೆಯ ಕಡೆಗೆ ಹೋದದ್ದು ಮೀಟರ್ ಗೇಜ್, 1,000 ಮಿ.ಮೀ. ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಎರಡೂ ಸೇರುವ ನಿಲ್ದಾಣದಲ್ಲಿ ಸರಕನ್ನು ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕು. ಕೂಲಿ, ಕಾಲ, ನಷ್ಟ ಎಲ್ಲವೂ ಆ ಒಂದು ಬಿಂದುವಿನಲ್ಲಿ ಗುಡ್ಡೆ ಬೀಳುತ್ತವೆ. ಮೀಟರ್ ಗೇಜನ್ನು ತಂದವರು ಮೂರ್ಖರಲ್ಲ. ಹಳಿ ಹಗುರ, ತಿರುವು ಸಲೀಸು, ಕಟ್ಟುವ ಖರ್ಚು ಕಡಿಮೆ ಎಂಬ ಲೆಕ್ಕದ ಮೇಲೆಯೇ 1870ರ ಸುಮಾರಿಗೆ ಸರ್ಕಾರ ಅದನ್ನು ಒಪ್ಪಿದ್ದು. ಆದರೆ ಆ ಉಳಿತಾಯ ಕಟ್ಟಿದವರ ಪಾಲಾಯಿತು, ಸೇರುವಲ್ಲಿನ ಖರ್ಚು ಮುಂದಿನ ತಲೆಮಾರುಗಳ ಪಾಲಾಯಿತು. 1992ರಲ್ಲಿ ಯೂನಿಗೇಜ್ ಯೋಜನೆ ಘೋಷಣೆಯಾಗಿ, ಆ ದಶಕದಲ್ಲಿ ಹೊಸಪೇಟೆ–ಹುಬ್ಬಳ್ಳಿ ಮಾರ್ಗ ಬ್ರಾಡ್ ಗೇಜ್ ಆಯಿತು. ಅದಕ್ಕೂ ಮೊದಲೇ, 1977ರಲ್ಲಿ, ಗಣಿ ಕಂಪನಿ ಎನ್‌ಎಂಡಿಸಿ ದೋಣಿಮಲೈಯಲ್ಲಿ ಗಣಿ ತೆರೆದಿತ್ತು. ಅದಿರಿನಂಥ ಭಾರದ ಸರಕು ದೂರದ ಬಂದರಿಗೂ ಕಾರ್ಖಾನೆಗೂ ಮುಟ್ಟಬೇಕಾದರೆ ನಡುವೆ ಇಳಿಸಿ ಹೇರುವ ಮಾತು ಕನಸಿನಲ್ಲೂ ಸಲ್ಲದು. ಹಳಿಗೆಲ್ಲ ಒಡೆಯನೊಬ್ಬನೇ, ಭಾರತ ಸರ್ಕಾರ. ಆದ್ದರಿಂದ ತೀರ್ಮಾನ ತಡವಾದರೂ ಜಾರಿಯಾಯಿತು. ಫೋನಿನ ಲೋಕದಲ್ಲಿ ಒಡೆಯರು ಹಲವರು. ಒಡೆತನದ ಪ್ರಶ್ನೆಯನ್ನು ಅಲ್ಲಿ ದಾಟಿಹೋಗಲು ಬರುವುದಿಲ್ಲ.

ವೈಶೇಷಿಕ ದರ್ಶನ ಎಣಿಸುವ 24 ಗುಣಗಳಲ್ಲಿ ಸಂಯೋಗವೂ ಒಂದು. ಮೊದಲು ಬೇರೆಬೇರೆಯಾಗಿದ್ದ ಎರಡು ದ್ರವ್ಯಗಳು ಬಂದು ತಾಗುವುದೇ ಸಂಯೋಗ. ಕಂಬದ ಮೇಲೆ ಗಿಡುಗ ಬಂದು ಕೂರುವುದು ಒಂದರ ಚಲನೆಯಿಂದಾದ ಸಂಯೋಗಕ್ಕೆ ಶಾಸ್ತ್ರದ ಉದಾಹರಣೆ. ಫೋನಿನ ಕಿಂಡಿಗೆ ತಂತಿ ಬಂದು ಸೇರುವುದೂ ಇದೇ ಜಾತಿಗೆ ಸೇರಿದ್ದು. ಇಲ್ಲಿ ಗಮನಿಸಬೇಕಾದ ಲಕ್ಷಣವೊಂದಿದೆ. ಕೆಂಪುಬಣ್ಣ ಕೆಂಪು ಮಡಕೆಯೊಂದರಲ್ಲೇ ಇರುತ್ತದೆ. ಸಂಯೋಗ ಮಾತ್ರ ಕೂಡಿದ ಎರಡರಲ್ಲೂ ಇರುತ್ತದೆ. ಗಿಡುಗದಲ್ಲಿ ಮಾತ್ರ ಇರುವ ಸಂಯೋಗ, ಕಂಬದಲ್ಲಿ ಮಾತ್ರ ಇರುವ ಸಂಯೋಗ ಎಂಬುದಿಲ್ಲ. ಹೀಗಾಗಿ ಫೋನು ತಯಾರಕನದು, ತಂತಿ ಕೊಂಡವನದು ಎಂದು ಹಂಚಿದ ಮೇಲೂ ಅವೆರಡರ ಕೂಡುವಿಕೆ ಯಾವ ಒಂದು ಪಕ್ಕಕ್ಕೂ ಪೂರ್ತಿ ಸೇರದೆ ಉಳಿಯುತ್ತದೆ. ಖಾಸಗಿ ಕಿಂಡಿಯ ಮೇಲೆ ಹಕ್ಕು ಸಾಧಿಸುವವನು ಫೋನಿನ ಮೇಲೆ ಹಕ್ಕು ಸಾಧಿಸುತ್ತಿದ್ದೇನೆ ಎನ್ನುತ್ತಾನೆ. ವಾಸ್ತವದಲ್ಲಿ ಅವನು ಕೇಳುತ್ತಿರುವುದು ಕೂಡುವಿಕೆಯ ಮೇಲಿನ ಹಕ್ಕನ್ನು.

ಸಂಯೋಗದಿಂದ ಬೇರೆಯಾದ ಇನ್ನೊಂದು ಸಂಬಂಧವನ್ನು ಆ ದರ್ಶನ ಸಮವಾಯ ಎನ್ನುತ್ತದೆ. ಬಟ್ಟೆ ತನ್ನ ನೂಲುಗಳಲ್ಲಿ, ಬಣ್ಣ ಮಡಕೆಯಲ್ಲಿ ಇರುವಂಥ, ಬಿಡಿಸಿದರೆ ಒಂದು ಪಕ್ಕವೇ ಉಳಿಯದಂಥ ಸಂಬಂಧ ಅದು. ಸಂಯೋಗಕ್ಕೆ ಆರಂಭವೂ ಉಂಟು, ವಿಭಾಗವೆಂಬ ಅಂತ್ಯವೂ ಉಂಟು, ಸಮವಾಯಕ್ಕೆ ಬಿಡುಗಡೆಯಿಲ್ಲ. ಖಾಸಗಿ ಕಿಂಡಿಯ ವ್ಯಾಪಾರತಂತ್ರ ತಿಳಿಯಾಗುವುದು ಈ ಭೇದದಿಂದ. ಲೈಟ್ನಿಂಗ್ ತಂತಿಯ ತುದಿಯಲ್ಲಿ ಗುರುತು ಹೇಳುವ ಸಣ್ಣ ಚಿಪ್ ಇರುತ್ತಿತ್ತು. ಆ್ಯಪಲ್‌ನ ಪರವಾನಗಿ ಯೋಜನೆಗೆ ಸೇರಿ ಶುಲ್ಕ ಕಟ್ಟಿದ ತಯಾರಕರಿಗೆ ಮಾತ್ರ ಅದು ಸಿಗುತ್ತಿತ್ತು. ಚಿಪ್ ಇಲ್ಲದ ತಂತಿ ಆಕಾರದಲ್ಲಿ ಸರಿಯಾಗಿ ಕೂತರೂ, ಈ ಉಪಕರಣಕ್ಕೆ ಬೆಂಬಲವಿಲ್ಲದಿರಬಹುದು ಎಂದು ಫೋನು ತಕರಾರು ತೆಗೆಯುತ್ತಿತ್ತು. ತಾಗಿದ್ದರೂ ಸಂಯೋಗವಾಗಿಲ್ಲ ಎಂದು ಹೇಳುವ ಅಧಿಕಾರ ಒಂದು ಪಕ್ಕಕ್ಕೆ ಸಿಕ್ಕಂತಾಯಿತು. ಯಾರ ಜೊತೆಗಾದರೂ ಕೂಡಿ ಬಿಡಬಹುದಾದದ್ದನ್ನು, ಒಂದೇ ಮನೆಯ ಅಂಗಗಳಂತೆ ಬಿಡಿಸಲಾಗದ್ದನ್ನಾಗಿ ತೋರಿಸುವ ಯತ್ನ ಇದು; ಸಂಯೋಗಕ್ಕೆ ಸಮವಾಯದ ವೇಷ. ಫೋನು, ತಂತಿ, ಚಾರ್ಜರು, ಗಡಿಯಾರ, ಕಿವಿಗಿಡುವ ಗುಂಡಿ ಎಲ್ಲ ಒಂದೇ ಕಂಪನಿಯವಾಗಿ, ಒಂದನ್ನು ಬಿಟ್ಟರೆ ಉಳಿದವು ಕೆಲಸಕ್ಕೆ ಬಾರದಂತಾದಾಗ ವೇಷ ಪೂರ್ಣವಾಗುತ್ತದೆ.

ಸಮವಾಯವನ್ನು ಎಲ್ಲರೂ ಒಪ್ಪಲಿಲ್ಲ. ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರರು ಎತ್ತುವ ಆಕ್ಷೇಪ ಪ್ರಸಿದ್ಧ: ಎರಡನ್ನು ಕೂಡಿಸಲು ಸಮವಾಯ ಬೇಕಾದರೆ, ಆ ಸಮವಾಯವನ್ನು ಅವೆರಡಕ್ಕೆ ಕೂಡಿಸಲು ಇನ್ನೊಂದು ಬೇಕು, ಅದಕ್ಕೆ ಮತ್ತೊಂದು, ಇದಕ್ಕೆ ಕೊನೆಯೇ ಇಲ್ಲ, ಅನವಸ್ಥೆ. 30 ಪಿನ್ನಿನಿಂದ ಲೈಟ್ನಿಂಗ್‌ಗೆ ಅಡಾಪ್ಟರ್, ಲೈಟ್ನಿಂಗ್‌ನಿಂದ ಹೆಡ್‌ಫೋನಿಗೆ ಅಡಾಪ್ಟರ್, ಟೈಪ್-ಸಿಯಿಂದ ಲೈಟ್ನಿಂಗ್‌ಗೆ ಅಡಾಪ್ಟರ್ ಎಂದು ಕೊಳ್ಳುತ್ತ ಹೋದವರಿಗೆ ಅನವಸ್ಥಾದೋಷವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ನವ್ಯನ್ಯಾಯದ ತಾರ್ಕಿಕರು ಸಂಯೋಗದ ಇನ್ನೊಂದು ಲಕ್ಷಣವನ್ನು ಹೇಳಲು ಮರ, ಕೋತಿಗಳ ಉದಾಹರಣೆ ಕೊಡುತ್ತಾರೆ. ಕಿಷ್ಕಿಂಧೆಯೆಂದು ನಂಬಿದ ಹಂಪಿ, ಆನೆಗೊಂದಿಯ ಸುತ್ತಿನವರಿಗೆ ಇದು ನಿತ್ಯದ ದೃಶ್ಯ. ಕೊಂಬೆಯ ತುದಿಯಲ್ಲಿ ಕೂತ ಕೋತಿಯ ಸಂಯೋಗ ಮರಕ್ಕಿದೆ, ಬುಡದ ಮಟ್ಟಿಗೆ ಅದೇ ಮರಕ್ಕೆ ಆ ಸಂಯೋಗವಿಲ್ಲ. ಅಂದರೆ ಸಂಯೋಗ ತನ್ನ ಆಶ್ರಯವನ್ನು ಪೂರ್ತಿ ವ್ಯಾಪಿಸುವುದಿಲ್ಲ. ಒಂದು ಭಾಗದಲ್ಲಿದ್ದು ಇನ್ನೊಂದು ಭಾಗದಲ್ಲಿ ಇಲ್ಲದಿರಬಲ್ಲದು. ಕಾನೂನಿನಿಂದ ಕಿಂಡಿಯನ್ನು ಏಕರೂಪಗೊಳಿಸಿದರೆ ತಯಾರಕನ ಸ್ವಾತಂತ್ರ್ಯವೇ ಹೋಗುತ್ತದೆ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು. ಟೈಪ್-ಸಿ ಕಿಂಡಿಯ ಅಗಲ ಸುಮಾರು 8.4 ಮಿ.ಮೀ., ಎತ್ತರ ಸುಮಾರು 2.6 ಮಿ.ಮೀ. ನಿಯಮ ತಾಗುವುದು ಅಷ್ಟು ಜಾಗಕ್ಕೆ. ಪರದೆ, ಕ್ಯಾಮೆರಾ, ಪ್ರೊಸೆಸರ್, ತಂತ್ರಾಂಶ ಎಲ್ಲವೂ ಕೋತಿ ಮುಟ್ಟದ ಬುಡವಾಗಿ ತಯಾರಕನ ಬಳಿಯೇ ಉಳಿಯುತ್ತವೆ.

ಇಷ್ಟರಿಂದ ಎಲ್ಲರಿಗೂ ಒಂದೇ ಕಿಂಡಿ ಎಂಬ ಪಕ್ಷ ಗೆದ್ದಂತಾಗಲಿಲ್ಲ. ಏಕೆಂದರೆ ‘ಎಲ್ಲದರಲ್ಲೂ ಒಂದೇ’ ಎಂಬುದು ಸ್ವತಃ ವಿವಾದದ ವಿಷಯ. ಕೋಟಿಗಟ್ಟಲೆ ಫೋನುಗಳಲ್ಲಿರುವ ಟೈಪ್-ಸಿ ಕಿಂಡಿ ನಿಜವಾಗಿ ಒಂದೇ ವಸ್ತುವೇ? ಎಲ್ಲ ಹಸುಗಳಲ್ಲೂ ಗೋತ್ವವೆಂಬ ಒಂದೇ ನಿತ್ಯಜಾತಿ ಇದೆ, ಅದರಿಂದಲೇ ಎಲ್ಲವನ್ನೂ ಹಸು ಎನ್ನುತ್ತೇವೆ ಎನ್ನುವುದು ನ್ಯಾಯ-ವೈಶೇಷಿಕರ ಸಿದ್ಧಾಂತ. ಇದನ್ನು ಪಟ್ಟುಹಿಡಿದು ಖಂಡಿಸಿದವರು ದ್ವೈತಮತದ ಮಾಧ್ವರು. ವಿಜಯನಗರದ ಕಾಲದಲ್ಲಿ ಹಂಪಿಯಲ್ಲಿ ನೆಲೆಸಿ, ಅಲ್ಲಿ ಯಂತ್ರೋದ್ಧಾರಕ ಹನುಮನನ್ನು ಪ್ರತಿಷ್ಠಿಸಿ, 1539ರಲ್ಲಿ ತೀರಿಕೊಂಡು ಆನೆಗೊಂದಿಯ ಬಳಿ ನವವೃಂದಾವನದ ನಡುಗಡ್ಡೆಯಲ್ಲಿ ವೃಂದಾವನಸ್ಥರಾದ ವ್ಯಾಸತೀರ್ಥರು ‘ತರ್ಕತಾಂಡವ’ ಎಂಬ ಗ್ರಂಥವನ್ನು ನೈಯಾಯಿಕರ ಖಂಡನೆಗೆಂದೇ ಮುಡಿಪಿಟ್ಟರು. ದ್ವೈತದಲ್ಲಿ ಸಮವಾಯಕ್ಕೂ ಜಾಗವಿಲ್ಲ, ಅನೇಕ ವ್ಯಕ್ತಿಗಳಲ್ಲಿ ಹರಡಿಕೊಂಡ ಒಂದೇ ಜಾತಿಗೂ ಜಾಗವಿಲ್ಲ. ಒಂದೊಂದು ಹಸುವಿನ ಸ್ವರೂಪ ಅದರದ್ದೇ. ಅವುಗಳ ನಡುವೆ ಇರುವುದು ಹೋಲಿಕೆ. ಒಂದು ಮಾತು ಹಲವಕ್ಕೆ ಸಲ್ಲಲು ಆ ಸಾದೃಶ್ಯವೇ ಸಾಕು.

ಟೈಪ್-ಸಿಯ ಅನುಭವ ದ್ವೈತಿಗಳ ಪರವಾಗಿಯೇ ಸಾಕ್ಷಿ ಹೇಳುತ್ತದೆ. ನೋಡಲು ಒಂದೇ ಬಗೆಯ ಎರಡು ತಂತಿಗಳಲ್ಲಿ ಒಂದು 60 ವಾಟ್‌ಗೆ ನಿಲ್ಲುತ್ತದೆ, ಇನ್ನೊಂದು ಒಳಗೆ ಗುರುತಿನ ಚಿಪ್ ಇರುವುದರಿಂದ 240 ವಾಟ್‌ವರೆಗೆ ಒಯ್ಯುತ್ತದೆ. ಒಂದು ಮಾಹಿತಿಯನ್ನು ಕ್ಷಣದಲ್ಲಿ ದಾಟಿಸುತ್ತದೆ, ಇನ್ನೊಂದು ತೆವಳುತ್ತದೆ. ಐಫೋನ್ 15ರ ಸಾಮಾನ್ಯ ಮಾದರಿಗೂ ಪ್ರೊ ಮಾದರಿಗೂ ಕಿಂಡಿ ಒಂದೇ ಆಕಾರದ್ದು. ಮೊದಲನೆಯದರ ವೇಗ ಸೆಕೆಂಡಿಗೆ 480 ಮೆಗಾಬಿಟ್, ಎರಡನೆಯದರದು 10 ಗಿಗಾಬಿಟ್. ಚೀನಾದ ಕೆಲವು ಕಂಪನಿಗಳ ಅತಿವೇಗದ ಚಾರ್ಜಿಂಗ್ ಅವರದೇ ಚಾರ್ಜರ್, ಅವರದೇ ತಂತಿ ಇದ್ದರೆ ಮಾತ್ರ ಪೂರ್ತಿ ನಡೆಯುತ್ತದೆ. ಒಪ್ಪೋ 2014ರಲ್ಲಿ ತಂದ ವೂಕ್ ಇದಕ್ಕೆ ಹಳೆಯ ಉದಾಹರಣೆ. ಇನ್ನು ತೋರಣಗಲ್ಲು, ಸಂಡೂರು, ದೋಣಿಮಲೈಯ ಕೆಂಧೂಳು ಯಾವ ಕಿಂಡಿಗೂ ರಿಯಾಯಿತಿ ತೋರುವುದಿಲ್ಲ: ಧೂಳು ಗಟ್ಟಿಸಿಕೊಂಡ, ಸವೆದು ಸಡಿಲವಾದ ಕಿಂಡಿ ಕಾಗದದ ಮೇಲಿನ ಟೈಪ್-ಸಿ ಆಗಿದ್ದರೂ ಕೈಯಲ್ಲಿರುವ ತಂತಿಗೆ ಆಗುವುದಿಲ್ಲ. ಸಾರ್ವತ್ರಿಕತೆ ವಸ್ತುವಿನಲ್ಲಿ ತಾನಾಗಿ ಇರುವುದಿಲ್ಲ. ಅಳತೆ ಮಾಡುವವರು, ಪರೀಕ್ಷಿಸುವವರು, ತಪ್ಪಿದಲ್ಲಿ ತಡೆಯುವವರು ಇರುವಷ್ಟು ಕಾಲ ಮಾತ್ರ ಸಾದೃಶ್ಯ ಉಳಿಯುತ್ತದೆ. ಐರೋಪ್ಯ ಕಾನೂನು ಆಕಾರಕ್ಕೆ ನಿಲ್ಲದೆ, 15 ವಾಟ್ ಮೀರಿದ ಚಾರ್ಜಿಂಗ್ ಇರುವ ಸಾಧನಗಳೆಲ್ಲ ಯುಎಸ್‌ಬಿಯ ಸಾಮಾನ್ಯ ವಿದ್ಯುತ್ ನಿಯಮವನ್ನೂ ಪಾಲಿಸಬೇಕೆಂದು ಸೇರಿಸಿದ್ದು ಇದಕ್ಕಾಗಿಯೇ.

ಹಾಗಾದರೆ ಆ ಸಾದೃಶ್ಯವನ್ನು ಮೊದಲು ಕಲ್ಪಿಸಿದವನಿಗೆ ಏನು ಸಲ್ಲಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ತರ್ಕದಿಂದ ಧರ್ಮಶಾಸ್ತ್ರಕ್ಕೆ ದಾಟಬೇಕು. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಅದರ ದಾಯವಿಭಾಗದ ಆರಂಭದಲ್ಲೇ ಒಡೆತನ ಎಂದರೇನು ಎಂಬ ಜಿಜ್ಞಾಸೆ ಇದೆ. ಒಡೆತನ ಶಾಸ್ತ್ರ ಹೇಳಿದ್ದರಿಂದ ಹುಟ್ಟುತ್ತದೆಯೋ, ಲೋಕದ ಬಳಕೆಯಿಂದ ಹುಟ್ಟುತ್ತದೆಯೋ? ಲೋಕದಿಂದಲೇ ಎಂಬುದು ಅವನ ತೀರ್ಮಾನ. ಶಾಸ್ತ್ರದ ಗಂಧವಿಲ್ಲದ ಗಡಿನಾಡಿನ ಜನರಲ್ಲೂ ಕೊಳ್ಳುವುದು ಮಾರುವುದು ನಡೆಯುತ್ತದೆ, ತನ್ನದು ಪರರದು ಎಂಬ ವ್ಯವಹಾರ ಇರುತ್ತದೆ ಎಂಬುದು ಅವನು ಕೊಡುವ ಕಾರಣಗಳಲ್ಲೊಂದು. ಈ ನಿಲುವನ್ನು ಒಪ್ಪಿದರೆ, ಕಿಂಡಿಯ ಮೇಲಿನ ಹಕ್ಕು ಕಂಡುಹಿಡಿದವನ ಹುಟ್ಟುಹಕ್ಕಾಗಿ ಉಳಿಯುವುದಿಲ್ಲ. ಜನರ ವ್ಯವಹಾರ ಸುಗಮವಾಗಿ ಸಾಗಲೆಂದು ಲೋಕ ಮಾಡಿಕೊಂಡ ಏರ್ಪಾಟಾಗುತ್ತದೆ. ಭಾರತದಲ್ಲಿ ಪೇಟೆಂಟಿಗೆ 20 ವರ್ಷಗಳ ಮಿತಿ ಇರುವುದು ಈ ಬಗೆಯ ತಿಳಿವಳಿಕೆಯಿಂದಲೇ. ಹುಟ್ಟುಹಕ್ಕಿಗೆ ಅವಧಿ ಎಲ್ಲಿಯದು?

ಅದೇ ಪ್ರಕರಣದಲ್ಲಿ ಪಾಲು ಮಾಡಬಾರದ ಆಸ್ತಿಗಳ ಪಟ್ಟಿಯೂ ಬರುತ್ತದೆ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಹಂಚಬಹುದು, ಹೊನ್ನು ಹಂಚಬಹುದು. ಬಾವಿಯ ನೀರನ್ನು ಮಾತ್ರ ಬೆಲೆಕಟ್ಟಿ ಹಂಚದೆ ಸರದಿಯಂತೆ ಬಳಸಬೇಕು, ಮನೆಗೂ ತೋಟಕ್ಕೂ ಹೋಗಿಬರುವ ದಾರಿಯನ್ನು ಹಂಚಲೇಬಾರದು. ದಾರಿಯೊಂದು ಒಬ್ಬನ ಪಾಲಾದರೆ ಉಳಿದವರ ಪಾಲಿಗೆ ಬಂದ ಹೊಲವೂ ಹೊಲವಾಗಿ ಉಳಿಯುವುದಿಲ್ಲ ಎಂಬ ವಿವೇಕ ಇಲ್ಲಿದೆ. ಫೋನಿನ ಕಿಂಡಿ ಒಳಹೊರಗಿನ ದಾರಿಯೇ ತಾನೆ. ಅದನ್ನು ಈ ಪಟ್ಟಿಗೆ ಸೇರಿಸಲು ಮಿತಾಕ್ಷರಕಾರನ ಅಪ್ಪಣೆ ಪಡೆಯುವಷ್ಟು ದೂರ ಹೋಗಬೇಕಿಲ್ಲ.

ದಾರಿ ಸಾರ್ವಜನಿಕವಾದರೆ ಕಟ್ಟಿದವನಿಗೆ ಫಲವೇನು ಎಂಬ ಪ್ರಶ್ನೆ ಉಳಿಯುತ್ತದೆ. ವಿಜಯನಗರದ ಸೀಮೆ ಇದಕ್ಕೆ ಕಂಡುಕೊಂಡ ದಾರಿ ಶಾಸನಗಳಲ್ಲಿ ದಾಖಲಾಗಿದೆ. ಕೆರೆ ಕಟ್ಟಿಸಿದವನಿಗೆ, ಒಡೆದ ಏರಿಯನ್ನು ಸರಿಪಡಿಸಿದವನಿಗೆ ಆ ಕೆರೆಯ ನೀರುಣ್ಣುವ ಗದ್ದೆಯಲ್ಲೊಂದು ಪಾಲು ಕಟ್ಟುಗೊಡಗಿಯಾಗಿ, ದಶವಂದವಾಗಿ ಸಲ್ಲುತ್ತಿತ್ತು. ಅವನಿಗೆ ಸಿಕ್ಕಿದ್ದು ಭೂಮಿ. ತೂಬಿನ ಬಾಯಲ್ಲಿ ಕೂತು ಇಂಥವನ ಹೊಲಕ್ಕೆ ನೀರು ಬಿಡುತ್ತೇನೆ, ಇಂಥವನಿಗೆ ಇಲ್ಲ ಎನ್ನುವ ಅಧಿಕಾರ ಆ ಕೊಡುಗೆಯ ಭಾಗವಾಗಿರಲಿಲ್ಲ. ಕಟ್ಟಿದವನ ಶ್ರಮಕ್ಕೆ ಗೌರವ ಸಂದಿತು, ನೀರಿನ ಬಾಯಿ ಊರಿನದಾಗಿ ಉಳಿಯಿತು. ತುಂಗಭದ್ರೆಯ ಹಳೆಯ ಕಾಲುವೆಗಳಿಂದ ಇಂದಿಗೂ ನೀರುಣ್ಣುವ ಹೊಸಪೇಟೆ, ಕಂಪ್ಲಿ ಕಡೆಯ ರೈತರಿಗೆ ತೂಬಿನ ಅಧಿಕಾರವೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಯುಎಸ್‌ಬಿಯ ಕಥೆ ಈ ಮಾದರಿಗೆ ಹತ್ತಿರದ್ದು. ಇಂಟೆಲ್‌ನಲ್ಲಿ ಭಾರತ ಮೂಲದ ಎಂಜಿನಿಯರ್ ಅಜಯ್ ಭಟ್ ಮತ್ತು ಸಂಗಡಿಗರು ದುಡಿದ ಈ ಮಾನಕದ ಮೊದಲ ಆವೃತ್ತಿ 1996ರಲ್ಲಿ ಬಂತು. ಅದನ್ನು ಬಳಸುವವರಿಂದ ರಾಯಧನ ಕೇಳುವುದಿಲ್ಲವೆಂಬ ನೀತಿಯಿಂದಲೇ ಅದು ಕಂಪ್ಯೂಟರಿನಿಂದ ಕಾರಿನವರೆಗೆ ಹಬ್ಬಿತು. ಇಂಟೆಲ್ ಇದರಿಂದ ಬಡವಾಗಲಿಲ್ಲ. ಕಂಪ್ಯೂಟರುಗಳು ಹೆಚ್ಚು ಮಾರಾಟವಾದಷ್ಟೂ ಅದರ ಚಿಪ್‌ಗಳಿಗೆ ಬೇಡಿಕೆ ಏರಿತು, ಗದ್ದೆಯ ಪಾಲು ಸಿಕ್ಕಿತು. ಹಾಗೆಂದು ಇಲ್ಲಿ ಎಲ್ಲವೂ ಧರ್ಮಛತ್ರವಲ್ಲ. ತಯಾರಕನೊಬ್ಬ ತನ್ನ ಸಾಧನಕ್ಕೆ ಅಧಿಕೃತ ಗುರುತುಸಂಖ್ಯೆಯನ್ನೂ ಲಾಂಛನವನ್ನೂ ಪಡೆಯಲು ಯುಎಸ್‌ಬಿ ಒಕ್ಕೂಟಕ್ಕೆ ಶುಲ್ಕ ಕಟ್ಟಬೇಕು. ಸಾರ್ವತ್ರಿಕ ದಾರಿಗೂ ಕಾವಲಿನವನಿದ್ದಾನೆ.

ಖಾಸಗಿ ಕಿಂಡಿಯ ಪರವಾಗಿ ನಿಲ್ಲುವ ಗಟ್ಟಿಯಾದ ವಾದ ಒಂದೇ: ಒಂದನ್ನು ಕಡ್ಡಾಯ ಮಾಡಿದರೆ ಮುಂದಿನದು ಹುಟ್ಟುವುದಿಲ್ಲ. ಆ್ಯಪಲ್ ಐರೋಪ್ಯ ಕಾನೂನಿನ ವಿರುದ್ಧ ಇದನ್ನೇ ಹೇಳಿತು. ಇದನ್ನು ಸ್ವಾರ್ಥದ ಮಾತೆಂದು ತಳ್ಳಿಹಾಕುವುದು ಸರಿಯಲ್ಲ. 2012ರಲ್ಲಿ ಉಳಿದವರ ಬಳಿ ಇದ್ದ ಮೈಕ್ರೋ ಯುಎಸ್‌ಬಿ ಒಂದೇ ಮಗ್ಗುಲಲ್ಲಿ ಹೋಗುವ, ಬೇಗ ಸಡಿಲವಾಗುವ ಕಿಂಡಿ. ಹೇಗೆ ಹಿಡಿದರೂ ಹೋಗುವ ಸೌಕರ್ಯವನ್ನು ಲೈಟ್ನಿಂಗ್ ಟೈಪ್-ಸಿಗಿಂತ ಎರಡು ವರ್ಷ ಮೊದಲೇ ಕೊಟ್ಟಿತು. 2009ರ ಒಪ್ಪಂದ ಕಾನೂನಾಗಿದ್ದರೆ ಆ ಹೆಜ್ಜೆ ಅಂದು ಸಾಧ್ಯವಾಗುತ್ತಿರಲಿಲ್ಲ. ಆದರೆ 2012ರಲ್ಲಿ ನಿಜವಾಗಿದ್ದ ಮಾತು 2022ರಲ್ಲಿ ನಿಜವಾಗಿ ಉಳಿದಿರಲಿಲ್ಲ. ಹತ್ತು ವರ್ಷಗಳಲ್ಲಿ ಲೈಟ್ನಿಂಗ್ ನಿಂತಲ್ಲೇ ನಿಂತಿತ್ತು, ಆ್ಯಪಲ್ ತನ್ನ ಲ್ಯಾಪ್‌ಟಾಪುಗಳಿಗೇ ಟೈಪ್-ಸಿ ಹಾಕಿಕೊಂಡಿತ್ತು. ಹೊಸದನ್ನು ತಡೆಯುತ್ತಿದ್ದದ್ದು ಆ ಹೊತ್ತಿಗೆ ಖಾಸಗಿ ಕಿಂಡಿಯೇ. ಐರೋಪ್ಯ ಕಾನೂನು ಟೈಪ್-ಸಿಯನ್ನು ಶಾಶ್ವತ ಎಂದಿಲ್ಲ. ತಾಂತ್ರಿಕ ವಿವರಗಳನ್ನು ಅನುಬಂಧದಲ್ಲಿಟ್ಟು, ತಂತ್ರಜ್ಞಾನ ಮುಂದುವರಿದಂತೆ ಬದಲಿಸಲು ಆಯೋಗಕ್ಕೆ ಅಧಿಕಾರ ಕೊಟ್ಟಿದೆ. ಗಳಿಸಿದ ಲಾಭಕ್ಕೆ ಬೆಲೆ ಇಲ್ಲದಿಲ್ಲ: ಹೊಸ ಕಿಂಡಿಯನ್ನು ಒಬ್ಬನೇ ಧೈರ್ಯಮಾಡಿ ಮಾರುಕಟ್ಟೆಗೆ ತರುವ ದಾರಿ ಮುಚ್ಚಿ, ಸಮಿತಿಯ ನಿಧಾನಗತಿ ಅದರ ಜಾಗಕ್ಕೆ ಬಂದಿದೆ.

ಈಗ ಪ್ರಶ್ನೆ ಕಿಂಡಿಯನ್ನು ದಾಟಿ ಮುಂದೆ ಸಾಗುತ್ತಿದೆ. ತಂತಿಯಿಲ್ಲದ ಚಾರ್ಜಿಂಗ್‌ನಲ್ಲಿ ಲೋಹ ಲೋಹವನ್ನು ಮುಟ್ಟುವುದಿಲ್ಲ. ಎರಡು ಸುರುಳಿಗಳ ನಡುವಿನ ಕಾಂತಕ್ಷೇತ್ರ ಶಕ್ತಿಯನ್ನು ದಾಟಿಸುತ್ತದೆ. ಸುರುಳಿಗಳು ನೇರಕ್ಕೆ ಕೂರದಿದ್ದರೆ ಶಕ್ತಿ ಸೋರುತ್ತದೆ. ಅವನ್ನು ಸೆಳೆದು ಕೂಡಿಸುವ ಅಯಸ್ಕಾಂತದ ಬಳೆಯನ್ನು ಆ್ಯಪಲ್ 2020ರಲ್ಲಿ ಮ್ಯಾಗ್‌ಸೇಫ್ ಹೆಸರಿನಲ್ಲಿ ತನ್ನ ಫೋನುಗಳಿಗೆ ತಂದಿತ್ತು. 2023ರಲ್ಲಿ ಅದರ ಆಧಾರದ ಮೇಲೆ ವೈರ್‌ಲೆಸ್ ಪವರ್ ಕನ್ಸಾರ್ಟಿಯಂ ಚಿ-2 ಎಂಬ ಸಾಮಾನ್ಯ ಮಾನಕವನ್ನು ರೂಪಿಸಿತು. ಆ್ಯಪಲ್ ತಾನೇ ಆ ತಂತ್ರವನ್ನು ಒಕ್ಕೂಟಕ್ಕೆ ಕೊಟ್ಟಿತ್ತು. ಲೈಟ್ನಿಂಗ್‌ಗೆ ಕಾನೂನಿನ ಗಡುವು ಬೇಕಾಯಿತು, ಅಯಸ್ಕಾಂತದ ಬಳೆಗೆ ಬೇಕಾಗಲಿಲ್ಲ. ಇದು ಮನಃಪರಿವರ್ತನೆಯೋ, ಮುಂದಿನ ಕಾನೂನನ್ನು ಕಂಡು ಮೊದಲೇ ಹಾಕಿದ ಲೆಕ್ಕವೋ ಎಂಬುದರಲ್ಲಿ ಎರಡು ಅಭಿಪ್ರಾಯಗಳಿಗೆ ಎಡೆಯಿದೆ. ತಂತಿಯಿಲ್ಲದ ಚಾರ್ಜಿಂಗ್‌ಗೂ ಏಕರೂಪತೆ ತರುವ ಉದ್ದೇಶವನ್ನು ಐರೋಪ್ಯ ಕಾನೂನು ಅಷ್ಟರಲ್ಲಾಗಲೇ ಹೇಳಿಯಾಗಿತ್ತು.